ಸೂಗಮ್ಮ ಟೀಚರ್ ಕುದುರೆ ಹತ್ತಿದ ವಾರ

ಸೂಗಮ್ಮನವರು ಹನ್ನೆರಡು ವರ್ಷ ಕುದುರೆಗಳ ನಡುವೆ ಕೆಲಸ ಮಾಡಿದ್ದರೂ ಕುದುರೆಯ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಅಲ್ವಾಲ್ ದಾಟಿದ ಮೇಲೆ ಸಿಗುವ ಒಂದು ಸವಾರಿ ಶಾಲೆಯಲ್ಲಿ ಆರು ಕುದುರೆಗಳಿವೆ. ಅವುಗಳ ಲದ್ದಿ ಎತ್ತುವುದು, ಲಾಯ ತೊಳೆಯುವುದು, ಹೊತ್ತಿಗೆ ಸರಿಯಾಗಿ ಮೇವು ಹಾಕುವುದು ಅವರ ಕೆಲಸ. ಹೀಗಿದ್ದೂ ಮಲ್ಕಾಜ್‌ಗಿರಿಯಲ್ಲಿ ಅವರಿದ್ದ ಗಲ್ಲಿಯ ಹೆಂಗಸರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಒಂದು ಸುಳ್ಳು. ಆ ಸುಳ್ಳನ್ನು ಹೇಳಿದವರು ಸ್ವತಃ ಸೂಗಮ್ಮನವರು.

ಶ್ರಾವಣದಲ್ಲಿ ವಾಸಂತಿಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ವಾಸಂತಿಯವರು ಧಾರವಾಡದ ಕಡೆಯವರು. ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ಲಾಯದಿಂದ ನೇರವಾಗಿ ಬಂದಿದ್ದ ಸೂಗಮ್ಮನವರು ಬಾಗಿಲ ಹತ್ತಿರ ಕೂತಿದ್ದರು. ಒಬ್ಬಾಕೆ ಮೂಗಿಗೆ ಸೆರಗು ಹಿಡಿದು, "ಏನೋ ನಾತ ಬರಾಕತ್ತೈತಿ. ಯಾರ ಕಾಲಿಗರ ಏನರ ಮೆತ್ತೈತೇನು ನೋಡ್ಕೊಳ್ರಿ" ಎಂದರು.

ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು. ಸೂಗಮ್ಮನವರು ಮಾತ್ರ ನೋಡಿಕೊಳ್ಳಲಿಲ್ಲ.

"ಅದು ಕುದುರಿ ವಾಸನಿರಿ" ಎಂದರು ನಿಧಾನವಾಗಿ. "ನಾ ಕುದುರಿ ಹತ್ತೋದು ಕಲಸ್ತೀನಲ್ಲ, ಅದಕ್ಕ. ದೊಡ್ಡ ದೊಡ್ಡ ಮಂದಿ ಮಕ್ಕಳು ಬರ್ತಾವು ನಮ್ಮಲ್ಲೆ."

ಅಂದಿನಿಂದ ಆ ವಾಸನೆಗೆ ಗೌರವ ಬಂತು. ನೀರಿನ ಟ್ಯಾಂಕರ್ ಬಂದರೆ "ಟೀಚರ್‌ಗೆ ಮೊದಲ ಬಿಡ್ರಿ" ಎನ್ನುತ್ತಿದ್ದರು. ರೈಲ್ವೆ ಹಳಿ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿದ್ದ ಗಂಡ ಬಸವರಾಜ ಇದನ್ನೆಲ್ಲ ನೋಡಿ, "ಟೀಚರಮ್ಮಾರ, ಒಂದ್ ಕಪ್ ಚಾ ಸಿಗತೈತೇನ್ರಿ, ಇಲ್ಲಾ ಅರ್ಜಿ ಬರಕೊಡಬೇಕೋ?" ಎಂದು ಕೇಳುತ್ತಿದ್ದರು. ಹುಟ್ಟಿದಂದಿನಿಂದ ನಲವತ್ತೆಂಟು ವರ್ಷ 'ಏ ಸೂಗವ್ವ' ಎಂದಷ್ಟೇ ಕೇಳಿದ್ದ ಸೂಗಮ್ಮನವರಿಗೆ ಆ ಹೊಸ ಹೆಸರನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ದಸರಾ ರಜೆಯಲ್ಲಿ ಸವಾರಿ ಶಾಲೆ ಮಕ್ಕಳಿಗಾಗಿ ಒಂದು ವಾರದ ಶಿಬಿರ ನಡೆಸಿತು. ಸೋಮವಾರ ಬೆಳಗ್ಗೆ ಏಳಕ್ಕೆ ಗೇಟಿನಲ್ಲಿ ಒಂದು ಸ್ಕೂಟರ್ ನಿಂತಿತು. ಅದರಿಂದ ಇಳಿದವರು ವಾಸಂತಿ, ಮತ್ತು ಅವರ ಒಂಬತ್ತು ವರ್ಷದ ಮಗಳು ಚಿನ್ಮಯಿ. ಗೊತ್ತಿರುವ ಟೀಚರ್ ಇದ್ದಾರೆಂದೇ ಮಗಳನ್ನು ಸೇರಿಸಿದ್ದರು. ಆಗ ಸೂಗಮ್ಮನವರ ಸೊಂಟದ ಮೇಲೆ ಲದ್ದಿ ತುಂಬಿದ ಬುಟ್ಟಿ ಇತ್ತು. ಅವರು ಬುಟ್ಟಿಯ ಸಮೇತ ಬಾದಲ್ ಎಂಬ ಬೂದು ಕುದುರೆಯ ಹಿಂದೆ ಹೋಗಿ ನಿಂತರು.

ಶಾಲೆ ನಡೆಸುವ ಗೋಪಿನಾಥರು ಬಳ್ಳಾರಿಯ ಕಡೆಯವರು, ಸೈನ್ಯದಲ್ಲಿ ಕುದುರೆಗಳನ್ನು ನೋಡಿಕೊಂಡಿದ್ದವರು. ಲಾಯದ ಮುಂದೆ ಬಂದು, ಬಾದಲ್‌ನ ಹೊಟ್ಟೆಯ ಕೆಳಗೆ ಕಾಣುತ್ತಿದ್ದ ಹಸಿರು ಅಂಚನ್ನು ನೋಡಿ ನಿಂತರು.

"ಬಾದಲ್‌ಗೆ ಯಾವಾಗಿಂದ ಸೀರಿ ಉಡಿಸಾಕತ್ತೀಯ, ಸೂಗಮ್ಮ?"

ಬೇರೆ ದಾರಿಯಿಲ್ಲದೆ ಸೂಗಮ್ಮನವರು ಇದ್ದದ್ದನ್ನು ಇದ್ದಂತೆ ಹೇಳಿದರು. "ಈ ಒಂದ್ ವಾರ ನನ್ನ ಟೀಚರ್ ಮಾಡ್ರಿ ಸಾಹೇಬ್ರ. ಇಲ್ಲಾಂದ್ರ ಗಲ್ಲ್ಯಾಗ ಮಾರಿ ತೋರಸಂಗಿಲ್ಲ ನಾ."

"ಒಂದ್ ದಿನಾನಾದ್ರೂ ಕುದುರಿ ಹತ್ತೀಯೇನು ನೀನು?"

"ಇಲ್ರಿ. ನೀವು ಇಲ್ಲಿ ಒಂದ್ ದಿನಾನಾದ್ರೂ ಲದ್ದಿ ಎತ್ತೀರೇನು? ಆದ್ರೂ ಮಾಲೀಕರ ಅಂತೀವಲ್ರಿ."

ಗೋಪಿನಾಥರಿಗೆ ನಗು ಬಂತೋ ಸಿಟ್ಟು ಬಂತೋ ಹೇಳುವುದು ಕಷ್ಟ. ಇಬ್ಬರು ಆಳುಗಳು ಬತುಕಮ್ಮ ಹಬ್ಬಕ್ಕೆಂದು ಸಿದ್ದಿಪೇಟೆಗೆ ಹೋಗಿದ್ದರು. ಮಕ್ಕಳು ಹದಿನೆಂಟು ಜನ. ಗೋಪಿನಾಥರು ತಮ್ಮ ಹಳೆಯ ಸವಾರಿ ಟೋಪಿಯನ್ನು ತೆಗೆದು ಕೊಟ್ಟರು. "ಹಗ್ಗ ಹಿಡಿದು ಕುದುರಿ ನಡೆಸು, ಸಾಕು. ಬಾಯಿ ಬಿಡಬ್ಯಾಡ. ಲಾಯದ ಕೆಲಸ ಮಾತ್ರ ಒಂದೂ ಬಾಕಿ ಉಳೀಬಾರ್ದು."

ಬಾಯಿ ಬಿಡದೆ ಸೋಮವಾರ ಕಳೆಯಿತು. ಆದರೆ ಮಂಗಳವಾರ ವಾಸಂತಿಯವರು ಮಗಳನ್ನು ಬಿಟ್ಟು ಹೋಗಲಿಲ್ಲ. ಟಿಫಿನ್ ಡಬ್ಬಿ ಹಿಡಿದು ಲಾಯದ ಎದುರಿನ ಬೇವಿನ ಮರದ ಕೆಳಗೆ ಕೂತರು. ಆರು ಕುದುರೆಗಳ ರಾತ್ರಿಯ ಲದ್ದಿ ಇನ್ನೂ ಹಾಗೆಯೇ ಬಿದ್ದಿತ್ತು. ಸೂಗಮ್ಮನವರು ಟೋಪಿ ಸರಿಮಾಡಿಕೊಂಡರು. ಆಮೇಲೆ ಹದಿನೆಂಟು ಮಕ್ಕಳನ್ನೂ ಲಾಯದ ಮುಂದೆ ಸಾಲಾಗಿ ನಿಲ್ಲಿಸಿದರು.

"ಕುದುರಿಗೆ ಬಾಯಿ ಇಲ್ಲ. ಹೊಟ್ಟಿ ನೋಯ್ತು ಅಂದ್ರ ನಿಮಗ ಹೆಂಗ್ ಹೇಳ್ಬೇಕು? ಲದ್ದಿ ಹೇಳತೈತಿ. ದುಂಡಗೆ ಇದ್ದು, ಬಿದ್ದ ಕೂಡಲೆ ಒಡದ್ರ ಚಲೋ. ತೆಳ್ಳಗಿದ್ರ ಹಸಿಮೇವು ಹೆಚ್ಚಾಗೈತಿ. ಗಟ್ಟಿಗಿದ್ರ ನೀರು ಕುಡದಿಲ್ಲ. ಒಬ್ಬೊಬ್ರು ಒಂದೊಂದು ಪುಟ್ಟಿ ತಗೊಳ್ರಿ. ನೋಡ್ರಿ, ಎತ್ರಿ, ಬಂದು ನನಗ ಹೇಳ್ರಿ."

ಮಕ್ಕಳು ಪೈಪೋಟಿಗೆ ಬಿದ್ದವು. ವಾಸಂತಿಯವರು ಡಬ್ಬಿ ಮುಚ್ಚಿಕೊಂಡು ಇನ್ನೊಂದು ಮರದ ಕೆಳಗೆ ಹೋಗಿ ಕೂತರು. ಚಿನ್ಮಯಿ ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ಬಂದಳು. "ಟೀಚರ್, ರಾಣಿದು ಕಲ್ಲಿನಂಗ ಐತಿ." ಸೂಗಮ್ಮನವರು ಆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೋಗಿ ನೋಡಿದರೆ ರಾಣಿ ಎಂಬ ಆ ಕುದುರೆಯ ನೀರಿನ ತೊಟ್ಟಿಯ ತಳ ಬಿರಿದು, ಇಡೀ ರಾತ್ರಿಯ ನೀರು ಸೋರಿಹೋಗಿತ್ತು. ಗೋಪಿನಾಥರೂ ಅದನ್ನು ಗಮನಿಸಿರಲಿಲ್ಲ. ಹತ್ತು ಗಂಟೆಗೆ ಲಾಯ ಎಷ್ಟು ಚೊಕ್ಕವಾಗಿತ್ತೆಂದರೆ ಕುದುರೆಗಳೇ ಒಳಗೆ ಹೋಗಲು ಅನುಮಾನಿಸಿದವು.

ಬುಧವಾರ ಗೊರಸು ಕೆರೆದು ಸ್ವಚ್ಛ ಮಾಡುವ ಪಾಠ. ಗುರುವಾರ ಮೈ ಉಜ್ಜುವ ಪಾಠ. ಸೂಗಮ್ಮನವರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಬೆರಳು ತೋರಿಸಿ ಕಲಿಸಿದರು.

"ಈ ವಾರದ ಪಗಾರ ಮಕ್ಕಳಿಗೆ ಕೊಡಬೇಕೋ, ನಿನಗೋ?" ಎಂದರು ಗೋಪಿನಾಥ.

"ನನಗ ಕೊಡ್ರಿ. ಮಕ್ಕಳು ಕಲಿಯಾಕ ಬಂದಾವು."

ಶುಕ್ರವಾರ ವಾಸಂತಿಯವರು ಹತ್ತಿರ ಬಂದು ನಗುತ್ತಾ, "ಟೀಚರ್, ರವಿವಾರ ತಂದಿ ತಾಯಿ ಮುಂದ ಮಕ್ಕಳ ಸವಾರಿ ಐತಂತಲ್ಲ. ನೀವೂ ಹತ್ರಿ. ನಿಮ್ಮ ಸವಾರಿ ನೋಡಾಕ ಗಲ್ಲ್ಯಾಗಿನ ನಾಕು ಮಂದೀನ ಕರಕೊಂಡು ಬರ್ತೀನಿ" ಎಂದರು.

ಸೂಗಮ್ಮನವರ ಬಾಯಿಂದ "ಆತ್ರಿ" ಎಂದು ಬಂತು. ಆಮೇಲೆ ಅವರು ಮೇವಿನ ಕೋಣೆಗೆ ಹೋಗಿ ಹುರುಳಿ ಚೀಲದ ಮೇಲೆ ಕೂತು, ಎದ್ದು, ಗೋಪಿನಾಥರನ್ನು ಹುಡುಕಿಕೊಂಡು ಹೋದರು.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಗೋಪಿನಾಥರು ಅವರಿಗೆ ಒಂದೇ ಒಂದು ಪಾಠ ಹೇಳಿಕೊಟ್ಟರು. ಮೊದಲು ಸ್ಟೂಲು, ಆಮೇಲೆ ಕಾಲಿಡುವ ರಿಕಾಪು, ಆಮೇಲೆ ಜೀನು. ಮೂರನೇ ಸಲಕ್ಕೆ ಸೂಗಮ್ಮನವರು ಬಾದಲ್‌ನ ಮೇಲಿದ್ದರು. ಗೋಪಿನಾಥರು ಲಗಾಮು ಹಿಡಿದು ಎರಡು ಸುತ್ತು ನಡೆಸಿದರು. "ಕೆಳಗ ನೋಡಬ್ಯಾಡ, ಸೂಗಮ್ಮ."

"ಎಲ್ಲೂ ನೋಡವಲ್ಲೆರಿ. ಕಣ್ಣ ಮುಚ್ಚೀನಿ."

ಭಾನುವಾರ ಹತ್ತಕ್ಕೆ ಶುರುವಾಗಬೇಕಿದ್ದ ಸವಾರಿ, ಪೋಷಕರು ತಡವಾಗಿ ಬಂದುದರಿಂದ ಹನ್ನೊಂದಕ್ಕೆ ಶುರುವಾಯಿತು. ಹನ್ನೊಂದು ಗಂಟೆಯೆಂದರೆ ಕುದುರೆಗಳಿಗೆ ಹುರುಳಿ ಹಾಕುವ ಹೊತ್ತು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆ ಹೊತ್ತನ್ನು ತಪ್ಪಿಸದಿದ್ದ ಸೂಗಮ್ಮನವರಿಗೆ ಅಂದು, ಭಯದಲ್ಲಿ, ಅದರ ನೆನಪೇ ಆಗಲಿಲ್ಲ. ಬಾದಲ್‌ಗೆ ನೆನಪಿತ್ತು.

ಸೂಗಮ್ಮನವರು ಮುಂದೆ, ಮಕ್ಕಳನ್ನು ಹೊತ್ತ ಐದು ಕುದುರೆಗಳು ಹಿಂದೆ. ಗೋಪಿನಾಥರು ಲಗಾಮು ಬಿಟ್ಟು ಪಕ್ಕಕ್ಕೆ ಸರಿದ ಕೂಡಲೇ ಬಾದಲ್ ಅಂಗಳದ ದಾರಿ ಬಿಟ್ಟು ಎಡಕ್ಕೆ ತಿರುಗಿತು. ಆತುರವೇನೂ ಇರಲಿಲ್ಲ. ಪೋಷಕರ ಕುರ್ಚಿಗಳ ನಡುವೆ, ಗಲ್ಲಿಯ ನಾಲ್ಕು ಹೆಂಗಸರ ಮುಂದೆ, ವಾಸಂತಿಯವರ ಮೊಣಕಾಲು ಸವರಿಕೊಂಡು ಮೇವಿನ ಕೋಣೆಯ ಕಡೆಗೆ ನಡೆಯಿತು. ಹೊತ್ತಿಗೆ ಸರಿಯಾಗಿ ಸೂಗಮ್ಮನವರು ಆ ಕಡೆ ಹೊರಟಿದ್ದನ್ನು ಕಂಡು ಉಳಿದ ಐದೂ ಹಿಂದೆಯೇ ಬಂದವು.

"ಏ ಬಾದಲ್, ನಿಂದ್ರೋ ನಮ್ಮಪ್ಪಾ" ಎಂದು ಸೂಗಮ್ಮನವರು ಪಿಸುಗುಟ್ಟುತ್ತಿದ್ದುದು ಹತ್ತಿರ ಕೂತವರಿಗೆಲ್ಲ ಕೇಳಿಸಿತು.

ಕೋಣೆಯ ಹೊರಗಿದ್ದ ಮೇವಿನ ಉದ್ದ ತೊಟ್ಟಿಗೆ ಬಾದಲ್ ತಲೆ ಹಾಕಿತು. ಆರು ಕುದುರೆಗಳೂ ಸಾಲಾಗಿ ನಿಂತವು. ಗೋಪಿನಾಥರು ಓಡಿ ಬಂದು ಮೊದಲು ಮಕ್ಕಳನ್ನು ಇಳಿಸತೊಡಗಿದರು. ಅಷ್ಟರಲ್ಲಿ ವಾಸಂತಿಯವರು ಬಾದಲ್‌ನ ಪಕ್ಕಕ್ಕೆ, ಎರಡು ಮೊಳ ದೂರದಲ್ಲಿ, ಬಂದು ನಿಂತರು.

ಸೂಗಮ್ಮನವರು ಜೀನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ನಾ ಟೀಚರ್ ಅಲ್ರಿ, ವಾಸಂತಿಯವರ. ಲದ್ದಿ ಎತ್ತಾಕಿ. ಕುದುರಿ ಹತ್ತಿದ್ದು ನಿನ್ನೆನ ಮೊದಲ."

"ಅದು ನನಗ ಮಂಗಳವಾರನ ತಿಳೀತು" ಎಂದರು ವಾಸಂತಿ. "ಆ ಪುಟ್ಟಿ ಸೊಂಟಕ್ಕ ಏರಿಸಿದ್ರಲ್ಲ, ಯಾ ಟೀಚರ್‌ಗೂ ಹಂಗ ಬರಂಗಿಲ್ಲ."

"ಮತ್ತ ಹತ್ರಿ ಅಂತ ಯಾಕಂದ್ರಿ?"

"ಎಲ್ಲಿಮಟ ಹೋಗ್ತೀರಿ ನೋಡೂಣು ಅಂತ."

"ಮೇವಿನ ಖೋಲಿಮಟ" ಎಂದರು ಸೂಗಮ್ಮನವರು.

ವಾಸಂತಿಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಹಿಂದೆ ಬಂದಿದ್ದ ಗಲ್ಲಿಯ ಹೆಂಗಸರಲ್ಲಿ ಒಬ್ಬಾಕೆ ಏನಾಯಿತೆಂದು ಕೇಳಿದಾಗ, "ಏನಿಲ್ಲ. ಟೀಚರ್ ಮೇವು ಹಾಕೋ ಪಾಠ ಶುರು ಮಾಡ್ಯಾರ. ಗದ್ದಲ ಮಾಡಬ್ಯಾಡ್ರಿ" ಎಂದರು ವಾಸಂತಿ.

ತೊಟ್ಟಿಗೆ ತಲೆ ಹಾಕಿದ ಬಾದಲ್ ಅಲ್ಲಿಂದ ಕದಲಲು ಒಪ್ಪಲಿಲ್ಲ. ಅದರ ಮೇಲಿಂದ ಇಳಿಯಲು ಬೇಕಾದ ಸ್ಟೂಲು ಅಂಗಳದ ಆ ತುದಿಯಲ್ಲೇ ಉಳಿದಿತ್ತು. ಇಳಿಸುವವರು ಬರುವವರೆಗೆ ಸುಮ್ಮನೆ ಕೂತಿರುವುದು ಸೂಗಮ್ಮನವರಿಗೆ ಗೊತ್ತಿರದ ಕೆಲಸ. ಅವರು ಒಂದು ಕೈಯನ್ನು ಜೀನಿನಿಂದ ಮೆಲ್ಲಗೆ ಬಿಡಿಸಿಕೊಂಡು ಮೇವಿನ ಕೋಣೆಯತ್ತ ಚಾಚಿದರು.

"ಚಿನ್ಮಯಿ, ರಾಣಿಗೆ ಎರಡು ಸೇರು ಹುರುಳಿ. ಕಲ್ಲು ಅದಾವೇನು ಕೈಯಾಡಿಸಿ ನೋಡಿ ಹಾಕವಾ."

"ಹೂಂ ಟೀಚರ್" ಎಂದು ಚಿನ್ಮಯಿ ಸೇರು ಹಿಡಿದು ಒಳಗೆ ಓಡಿದಳು.