ಸೂಜಿಗೆ ಹೆದರಿದ ತಂಗಿ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೇ ಕೂದಲು ನೆರೆಸಿಕೊಂಡ ಆತನನ್ನು ಬೀದಿಯ ಮಕ್ಕಳು ‘ಉಸಿರು ಹಿಡೀರಿ ಮಾಮ’ ಎಂದೇ ಕರೆಯುತ್ತಿದ್ದರು. ಯಂತ್ರದ ಗುಂಡಿ ಒತ್ತುವ ಮುನ್ನ ಅರೆಕ್ಷಣ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಅವನ ರೂಢಿ. ಕಣ್ಣಿಗೆ ಕಾಣದ್ದೊಂದು ಇದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದ್ದರಿಂದಲೇ, ವಿಧವೆಯಾದ ತಂಗಿ ಪ್ರಾರ್ಥನಾಕೂಟಕ್ಕೆ ಹೋಗತೊಡಗಿದಾಗ ಸಂತೋಷಪಟ್ಟಿದ್ದ.

ಆ ತಂಗಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ಬಿಟ್ಟಿದ್ದಾಳೆಂದು ತಿಳಿದ ದಿನ ಅವನು ಅವಳ ಮನೆಗೆ ಧಾವಿಸಿದ. ಅವಳ ಫ್ರಿಜ್ಜಿನಲ್ಲಿ ಔಷಧದ ಸೀಸೆಗಳು ಮುಚ್ಚಳ ತೆಗೆಯದೆ ನಿಂತಿದ್ದವು. ಅವಳು ಸೊರಗಿ ಹಂಚಿಕಡ್ಡಿಯಾಗಿದ್ದಳು. ಇಂದಿನ ವೈದ್ಯ, ವಿಜ್ಞಾನಗಳ ಹಿಂದೆ ಆತ್ಮವನ್ನು ಮಂಕಾಗಿಸುವ ದುಷ್ಟಶಕ್ತಿಯೊಂದು ಅಡಗಿದೆ, ಸೂಜಿಯ ಮೊನೆಯಿಂದ ಅದು ಮೈಹೊಗುತ್ತದೆ ಎಂದು ಆ ಕೂಟದ ಗುರುಗಳು ಬೋಧಿಸಿದ್ದರಂತೆ. ಅವರಿಗೂ ಇದೇ ಕಾಯಿಲೆಯಂತೆ, ಧ್ಯಾನದಿಂದಲೇ ಗೆದ್ದರಂತೆ.

“ಗೆದ್ದಿದ್ದಲ್ಲ ಕಣೇ, ಗುಟ್ಟಾಗಿ ಚುಚ್ಕೊಳ್ತಾ ಇರ್ತಾರೆ. ಬಾ, ತೋರಿಸ್ತೀನಿ,” ಎಂದು ಅವಳನ್ನು ಕರೆದುಕೊಂಡೇ ಹೊರಟ.

ದರ್ಜಿ ಅಂಗಡಿಯ ಮಹಡಿಯ ಮೇಲೆ ಗುರುಗಳು ಒಬ್ಬರೇ ಮಲಗಿದ್ದರು. ಅಣ್ಣ ಮುಲಾಜಿಲ್ಲದೆ ಕಪಾಟು, ಮೇಜಿನ ಡ್ರಾಯರು, ದಿಂಬಿನಡಿ ಎಲ್ಲವನ್ನೂ ಜಾಲಾಡಿದ. ಅವರು ತಡೆಯಲಿಲ್ಲ. ಒಂದು ಮಾತ್ರೆಯೂ ಸಿಗಲಿಲ್ಲ. ಸಿಕ್ಕಿದ್ದು ವಾಸನೆ. ಅದು ಬರುತ್ತಿದ್ದ ಕಡೆಯ ಹೊದಿಕೆ ಸರಿಸಿದ: ಬಲಗಾಲು ಕಣಕಾಲಿನವರೆಗೆ ಕಪ್ಪಾಗಿತ್ತು.

“ದುಷ್ಟಶಕ್ತಿ ಇಳಿದು ಹೋಗ್ತಾ ಇದೆ ತಮ್ಮಾ. ಈಗ ನೋವೇ ಇಲ್ಲ,” ಎಂದರು, ಶಾಂತವಾಗಿ.

ಕಳ್ಳನನ್ನು ಹಿಡಿಯಲು ಬಂದವನಿಗೆ ಸಿಕ್ಕಿದ್ದು ನಂಬಿದವನು. ವಂಚಕನಾಗಿದ್ದರೆ ಬಯಲಿಗೆಳೆಯಬಹುದಿತ್ತು, ತಾನು ಬಡಿಸಿದ ವಿಷವನ್ನು ತಾನೇ ಉಂಡು ಕೂತವನನ್ನು ಮಾಡುವುದೇನು?

“ಅದು ವಾಸಿ ಅಲ್ಲ ಸ್ವಾಮಿ. ನರ ಸತ್ತಿದೆ,” ಎಂದಷ್ಟೇ ಹೇಳಿದ.

ಹಿಂದಿದ್ದ ತಂಗಿ ನೆಲದ ಮೇಲೆ ಕೂತಳು. ಎಡಗಾಲಿನ ಕಾಲುಚೀಲ ಮೆಲ್ಲನೆ ಎಳೆದಳು. ಅದು ಬೆರಳಿಗೆ ಅಂಟಿಕೊಂಡಿತ್ತು.

“ಅಣ್ಣಾ, ಇಲ್ಲೊಂದು ಗಾಯ ಆಗಿತ್ತು. ನೋವು ನಿಂತಾಗ ಗುರುಗಳ ಕೃಪೆ ಅಂದ್ಕೊಂಡೆ.”

ಅವನು ಅವಳನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ. ಜೊತೆಗೆ ಬನ್ನಿರೆಂದು ಬೇಡಿಕೊಂಡರೂ ಗುರುಗಳು ಒಪ್ಪಲಿಲ್ಲ. ಆ ವಾರವೇ ತೀರಿಕೊಂಡರು. ತಂಗಿಯ ಎರಡು ಬೆರಳು ಹೋದವು, ಪಾದ ಉಳಿಯಿತು. ಈಗ ಬೆಳಗ್ಗೆ ಸೂಜಿ ಹಿಡಿದಾಗ ಅವಳು ಮೊದಲು ಅದರ ಮೊನೆಯನ್ನು ದಿಟ್ಟಿಸುತ್ತಾಳೆ. ಅಣ್ಣ ಪಕ್ಕದಲ್ಲಿ ಕೂತಿರುತ್ತಾನೆ, ಚುಚ್ಚಿಕೊಳ್ಳುವುದು ಅವಳೇ.