ಕಂಬಳಿ ಹೊದ್ದ ಕ್ಲಿಪ್ಪುಗಳು

೧೯೫೭ರಲ್ಲಿ ನಾನು ಮುಂಬಯಿಯ ಮಲಾಡಿನ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಹೆಸರಿಗೆ ಕೆಮಿಸ್ಟ್; ನಿಜವಾದ ಕಸುಬು ಚಿಂತೆ ಮಾಡುವುದು.

ಚಾಳುಗಳ, ಎಂದರೆ ಒಂದೇ ಅಂಗಳದ ಸಾಲುಮನೆಗಳ, ಹೊರಗೋಡೆಯ ಮೇಲೆ ವಿದ್ಯುತ್ ತಂತಿ ಹಿಡಿದಿಡುವ ಪಾಲಿಥೀನ್ ಕ್ಲಿಪ್ಪುಗಳಿಗೆ ಆ ವರ್ಷ ನಮಗೆ ಆರ್ಡರ್ ಬಂದಿತ್ತು. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಪಾಲಿಥೀನನ್ನು ಕ್ರಮೇಣ ಪೆಡಸಾಗಿಸಿ ಬಿರುಕು ಬಿಡಿಸುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ನವುರಾದ ಮಸಿ ಬೆರೆಸಿದರೆ, ಕಿರಣವನ್ನು ಆ ಮಸಿಯೇ ಹೀರಿಕೊಳ್ಳುತ್ತದೆ. ಆದರೆ ನಮ್ಮ ಸೇಠರಿಗೆ ಕಪ್ಪು ಹಿಡಿಸದು, ಬಿಳಿಯೇ ಆಗಬೇಕು. ಕ್ಲಿಪ್ಪು ಮುರಿದರೆ ತಂತಿ ಜೋತುಬೀಳುವುದು ಮಕ್ಕಳು ಆಡುವ ಅಂಗಳಕ್ಕೆ. ನನ್ನ ನಿದ್ದೆ ಹಾರಿಹೋಗಲು ಅಷ್ಟು ಸಾಕಾಗಿತ್ತು.

ಕಪ್ಪು, ಬಿಳಿ ಎರಡೂ ಬಗೆಯ ಕ್ಲಿಪ್ಪುಗಳನ್ನು ಹಲಗೆಗೆ ಬಿಗಿದು ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿಟ್ಟೆ. ಕಾಗೆ ಕುಕ್ಕಿತೇ, ಯಾರಾದರೂ ಕದ್ದರೇ ಎಂದು ಬೆಳಿಗ್ಗೆ ಸಂಜೆ ಹತ್ತಿ ನೋಡುತ್ತಿದ್ದೆ. ದಸರೆ ಕಳೆದು ಇಟ್ಟದ್ದು. ಮೇ ಮುಗಿಯುತ್ತ ಬಂದರೂ ಬಿಳಿ ಕ್ಲಿಪ್ಪು ಹೊಸದರಂತೆಯೇ ಬಗ್ಗುತ್ತಿತ್ತು. ಸೇಠರು ಹಿಗ್ಗಿದರು. ಬಿಳಿ ಕ್ಲಿಪ್ಪು ಬಿಸಿಲು ತಡೆಯುತ್ತದೆಂಬ ವರದಿಗೆ ಮರುದಿನ ನಾನು ಸಹಿ ಹಾಕುವುದಿತ್ತು.

ಹಲಗೆ ಇಳಿಸಲು ಹೋದಾಗ ಕೆಳಮನೆಯ ಸುಂದರಕ್ಕ ಅಲ್ಲೇ ಹಪ್ಪಳ ಒಣಗಿಸುತ್ತಿದ್ದರು. ಉಡುಪಿ ಕಡೆಯವರು.

"ಏನಾದ್ರೂ ಹಾಳಾಯ್ತಾ ಮಾರಾಯ್ರೆ?"

"ಏನೂ ಆಗಿಲ್ಲ ಅಕ್ಕಾ."

"ಹೇಗೆ ಆಗ್ತದೆ? ನೀವು ಕೆಲಸಕ್ಕೆ ಹೋದ ಕೂಡ್ಲೇ ಕಂಬಳಿ ಮುಚ್ಚುದು, ಬಿಸಿಲು ಇಳಿದ ಕೂಡ್ಲೇ ತೆಗೆಯುದು, ಎಲ್ಲ ನಾನೇ. ಬಿಸಿಲಿಗೆ ಹಾಳಾದ್ರೆ ನಿಮ್ಗೆ ಮತ್ತೆ ತಲೆಬಿಸಿ ಅಲ್ವಾ!"

ನನ್ನ ಕ್ಲಿಪ್ಪುಗಳು ಬಿಸಿಲು ಕಂಡದ್ದು ನನ್ನ ರಜಾದಿನಗಳಲ್ಲಿ ಮಾತ್ರ.

ಸೇಠರಿಗೆ ಹೇಳಿದೆ. "ಕಂಬಲ್ ಕೀ ಬಾತ್ ಕಿಸ್‌ನೇ ಪೂಛೀ? ಸಹಿ ಕರೋ!" ಕಂಬಳಿಯ ಮಾತು ಯಾರು ಕೇಳಿದರು, ಸಹಿ ಹಾಕು ಎಂದು ಗುಡುಗಿದರು. ನಾನು ಪೆನ್ನು ಕೆಳಗಿಟ್ಟೆ. ಸಹಿಯಿಲ್ಲದೆ ಬಿಳಿ ಮಾಲು ಹೊರಡುವಂತಿರಲಿಲ್ಲ. ಬೈಯುತ್ತಲೇ ಕಪ್ಪನ್ನು ಕಳಿಸಿದರು.

ಹಲಗೆ ಮತ್ತೆ ಟೆರೇಸಿಗೆ ಹೋಯಿತು. ಈ ಸಲ ಸುಂದರಕ್ಕನೇ ಕಾವಲು. ಅದರ ಮೇಲೆ ಸೀರೆಯ ನೆರಳು ಬಿದ್ದರೂ ಪಕ್ಕದವರನ್ನು ಗದರಿಸುತ್ತಿದ್ದರು. ಮುಂದಿನ ಬೇಸಿಗೆ ಮುಗಿಯುವ ಮೊದಲೇ ಬಿಳಿ ಕ್ಲಿಪ್ಪು ನನ್ನ ಬೆರಳ ನಡುವೆ ಚಟ್ಟನೆ ಮುರಿಯಿತು. ಕಪ್ಪು ಬಾಗಿತು, ಮುರಿಯಲಿಲ್ಲ. ಮುರಿದ ತುಂಡನ್ನು ಅಕ್ಕ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಅವರ ಮಕ್ಕಳೂ ಚಾಳಿನ ಅಂಗಳದಲ್ಲೇ ಆಡಿ ಬೆಳೆದವರು.

ಕಾಗೆಗೂ ಕಳ್ಳನಿಗೂ ಹೆದರಿದ ನಾನು, ದಿನವೂ ಎದುರಾಗುತ್ತಿದ್ದ ಆ ತಾಯಿಗೆ "ಇದು ಹಾಳಾಗಲೆಂದೇ ಇಟ್ಟಿದ್ದೇನೆ" ಎಂಬ ಒಂದು ಮಾತು ಹೇಳಿರಲಿಲ್ಲ. ಏನು ಮಾಡುತ್ತಿದ್ದೇವೆಂದು ಸುತ್ತಲಿನವರಿಗೆ ತಿಳಿಸುವುದೂ ಪರೀಕ್ಷೆಯ ಒಂದು ಭಾಗವೆಂದು ಯಾವ ಪ್ರೊಫೆಸರರೂ ನನಗೆ ಕಲಿಸಿರಲಿಲ್ಲ. ಕಲಿಸಿದವರು ಸುಂದರಕ್ಕ. ಅವರು ಅಂದು ಬಾಯಿ ಬಿಡದಿದ್ದರೆ ನಾನು ಸಂತೋಷವಾಗಿ ಸಹಿ ಹಾಕಿರುತ್ತಿದ್ದೆ.