ಎರಿ ಅಂದರೆ ಯಾವ ಬಣ್ಣ

ಅಕ್ಕ ತೀರಿಕೊಂಡ ಮೇಲೆ ನಮ್ಮ ಫ್ಲಾಟಿನಲ್ಲಿ ಕನ್ನಡ ಕೇಳಿಸುವುದೇ ನಿಂತುಹೋಯಿತು. ಇದ್ದವರು ನಾವಿಬ್ಬರೇ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳವಾಡಿಕೊಂಡು ಬದುಕಿದ್ದೆವು. ಈಗ ಜಗಳಕ್ಕೂ ಜನ ಇಲ್ಲ. ಕುಕ್ಕರ್ ಎರಡು ಸೀಟಿ ಹೊಡೆದು ಸುಮ್ಮನಾದರೆ ‘ಏನಾಗ್ಯಾದ ನಿನಗ?’ ಎಂದು ಅದಕ್ಕೇ ಬೈಯುತ್ತಿದ್ದೆ. ಒಂದು ದಿನ ಹಾಗೆ ಬೈದು, ಅದು ಉತ್ತರ ಕೊಡುತ್ತದೇನೋ ಎಂಬಂತೆ ಸ್ವಲ್ಪ ಹೊತ್ತು ಕಾದೆ. ಆ ದಿನವೇ ನಿರ್ಧಾರ ಮಾಡಿದ್ದು, ಇಲ್ಲಿ ಇನ್ನು ಇರಬಾರದು ಅಂತ.

ನಾನು ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ. ರಿಟೈರಾಗಲು ಇನ್ನೂ ಆರು ವರ್ಷವಿದೆ, ಅಷ್ಟು ದಿನ ಕಾಯುವ ತಾಳ್ಮೆ ನನಗಿಲ್ಲ. ದಿನಾ ಹೋಗಿ ಬರುವಷ್ಟು ದೂರದಲ್ಲಿ ಎರಡು ಎಕರೆ ಹೊಲ, ಅದರಲ್ಲೊಂದು ಕೋಣೆ, ಅಕ್ಕಪಕ್ಕ ಕನ್ನಡ ಮಾತಾಡುವ ಜನ. ಇಷ್ಟೇ ಬೇಕಾಗಿದ್ದದ್ದು. ಸಂಜೆ ಡ್ಯೂಟಿ ಮುಗಿಸಿ ಹೋದಾಗ ಯಾರಾದರೂ ‘ಬಂದ್ರೇನ್ರಿ?’ ಅನ್ನಬೇಕು. ಹೊಲ ಅದಕ್ಕೊಂದು ನೆವ.

ಮೊದಲು ಹೋದದ್ದು ಜಹೀರಾಬಾದಿಗೆ. ಅಲ್ಲಿನ ಏಜೆಂಟ್ ಬಹಳ ಉತ್ಸಾಹದ ಮನುಷ್ಯ. ತೋರಿಸಿದ ಎಲ್ಲದಕ್ಕೂ ‘ರೋಡ್ ಟಚ್ ಮೇಡಂ’ ಅನ್ನುತ್ತಿದ್ದ. ಶುಂಠಿ ಬೆಳೆಯುತ್ತಿದ್ದ ನೆಲವನ್ನು ಕಲ್ಲು ನೆಟ್ಟು ತುಂಡು ತುಂಡು ಮಾಡಿ, ಮುಂದೆ ಒಂದು ಕಮಾನು ಕಟ್ಟಿ, ಕಮಾನಿನ ಕೆಳಗೆ ಸಿಮೆಂಟಿನ ಹಸು, ಸಿಮೆಂಟಿನ ಕರು ನಿಲ್ಲಿಸಿದ್ದರು. ಹಾಲು ಕೊಡುವ ಹಸು ಮಾತ್ರ ಎಲ್ಲೂ ಕಾಣಲಿಲ್ಲ. ಸುತ್ತಮುತ್ತ ಯಾರಿರುತ್ತಾರೆ ಎಂದು ಕೇಳಿದೆ. ‘ಎಲ್ಲಾ ಸಿಟಿ ಪಬ್ಲಿಕ್ಕೇ ಮೇಡಂ, ತಿಂಗಳಿಗೊಮ್ಮೆ ಬರುತ್ತಾರೆ, ನಿಮ್ಮನ್ನು ಮಾತಾಡಿಸುವವರು ಒಬ್ಬರೂ ಇರುವುದಿಲ್ಲ’ ಎಂದು ತೆಲುಗಿನಲ್ಲಿ ಹೆಮ್ಮೆಯಿಂದ ಹೇಳಿದ. ಮಾತಾಡಿಸುವವರಿಲ್ಲದ ಜಾಗ ನನಗೆ ಆಗಲೇ ಒಂದಿತ್ತು, ಮೂರನೆಯ ಮಹಡಿಯಲ್ಲಿ, ಲಿಫ್ಟ್ ಸಮೇತ. ಬಂದ ಬಸ್ಸಿಗೇ ವಾಪಸಾದೆ.

ನಾರಾಯಣಖೇಡದಲ್ಲಿ ಮನಸ್ಸು ಕರಗಿತು. ಪರಿಚಯದವರ ಪರಿಚಯದವರ ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದು ‘ಶರಣ್ರಿ, ಬರ್ರಿ ಬರ್ರಿ’ ಅಂದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ನನ್ನ ಹೊಟ್ಟೆಗೆ ಎರಡು ರೊಟ್ಟಿ ಸಾಕು, ಆದರೆ ಆ ತಾಯಿ ‘ಇನ್ನೊಂದು ತಗೋರಿ, ಏನಾಗಲ್ಲ’ ಎನ್ನುವುದನ್ನು ಕೇಳುವ ಆಸೆಗೆ ನಾಲ್ಕು ತಿಂದೆ. ಹೊಲ ಆಮೇಲೆ ನೋಡೋಣ, ಮೊದಲು ದಾರಿ ನೋಡೋಣ ಎಂದು ಭಾನುವಾರ ಅಲ್ಲಿಯೇ ಉಳಿದು ಸೋಮವಾರದ ಮೊದಲ ಬಸ್ಸು ಹತ್ತಿದೆ. ಸಂಗಾರೆಡ್ಡಿ ದಾಟುವಷ್ಟರಲ್ಲಿ ಬಿಸಿಲೇರಿತ್ತು. ಲ್ಯಾಬ್ ಮುಟ್ಟಿದಾಗ ಹತ್ತೂವರೆ. ಬೆಳಗಿನಿಂದ ಏನೂ ತಿನ್ನದೆ ರಕ್ತ ಕೊಡಲು ಬಂದಿದ್ದ ಮುದುಕರೆಲ್ಲ ನನ್ನನ್ನು ನುಂಗುವ ಹಾಗೆ ನೋಡಿದರು. ನನಗೆ ಕನ್ನಡ ಬೇಕು ಎಂದು ಸಕ್ಕರೆ ಕಾಯಿಲೆಯವರನ್ನು ಉಪವಾಸ ಕೆಡವಲಾದೀತೇ? ನಾರಾಯಣಖೇಡವನ್ನು ಬಿಡಬೇಕಾಯಿತು. ಆ ವಾರವೆಲ್ಲ ಸಣ್ಣದಕ್ಕೂ ಸಿಡಿಮಿಡಿ ಮಾಡುತ್ತಿದ್ದೆ.

ಉಳಿದದ್ದು ತಾಂಡೂರು. ಅಲ್ಲಿಂದ ರೈಲಿದೆ, ರೈಲು ಇಳಿದರೆ ಆಸ್ಪತ್ರೆಗೆ ನಡೆದುಕೊಂಡೇ ಹೋಗಬಹುದು. ಅವ್ವನ ತವರೂ ಆ ಕಡೆಯದೇ, ಬೊಮ್ರಾಸಪೇಟ್ ಹತ್ತಿರದ ಒಂದು ಹಳ್ಳಿ. ಒಂಬತ್ತನೆಯ ವಯಸ್ಸಿನವರೆಗೆ ನಾನು ಅಲ್ಲಿಯೇ ಬೆಳೆದವಳು. ಈಗ ಆ ಊರಿನಲ್ಲಿ ನಮ್ಮವರು ಯಾರೂ ಇಲ್ಲ.

ಭಾನುವಾರಗಳೆಲ್ಲ ತಾಂಡೂರಿನ ದಾರಿಯಲ್ಲಿ ಕಳೆದವು. ಅಲ್ಲಿನ ಏಜೆಂಟರಿಗೆ ಒಂದೇ ಹಟ, ಕೆಂಪು ಮಣ್ಣು. ‘ಎರ್ರ ನೇಲ ಮೇಡಂ, ಮನೆ ಕಟ್ಟಿದರೆ ಗೋಡೆ ಬಿರುಕು ಬಿಡುವುದಿಲ್ಲ, ಮಾವು ಚೆನ್ನಾಗಿ ಬರುತ್ತದೆ.’ ತೆಲುಗಿನಲ್ಲಿ ಎರ್ರ ಅಂದರೆ ಕೆಂಪು. ನಗರದಿಂದ ಬರುವವರೆಲ್ಲ ಅದನ್ನೇ ಕೇಳುತ್ತಾರಂತೆ. ನನಗೆ ಬೇಕಾಗಿದ್ದದ್ದು ಕಪ್ಪು ಮಣ್ಣು. ಬಾಲ್ಯದ ನೆನಪು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಕೆಂಪು ನೆಲದಲ್ಲಿ ಫಾರ್ಮ್‌ಹೌಸ್ ಏಳುತ್ತವೆ, ಬೀಗ ಬೀಳುತ್ತದೆ. ಕಪ್ಪು ನೆಲದಲ್ಲಿ ತೊಗರಿ, ಜೋಳ ಬಿತ್ತುವವರು ಇನ್ನೂ ಉಳಿದಿದ್ದಾರೆ. ಅಂಥವರೇ ನನಗೆ ನೆರೆಯವರಾಗಿ ಬೇಕು. ಕಪ್ಪು ಮಣ್ಣಿಗೆ ತೆಲುಗಿನಲ್ಲಿ ನಲ್ಲರೇಗಡಿ ಅನ್ನುತ್ತಾರೆ. ‘ನಲ್ಲರೇಗಡಿ ಇದ್ದರೆ ಹೇಳಿ, ಎರ್ರ ನೇಲ ಬೇಡ’ ಎಂದು ಅವರ ಭಾಷೆಯಲ್ಲಿಯೇ ಐದು ತಿಂಗಳು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಎರ್ರ ಎಂದು ಕೇಳಿದರೆ ಸಾಕು, ಬೇಡ ಎಂಬ ಮಾತು ತಾನಾಗಿ ಹೊರಬರುವಷ್ಟು ರೂಢಿಯಾಗಿತ್ತು.

ಒಮ್ಮೆ ತಾಂಡೂರಿನ ಬೇಳೆ ಅಂಗಡಿಯೊಂದರಲ್ಲಿ ನನ್ನ ನಂಬರ್ ಬರೆದುಕೊಟ್ಟು, ಹೊಲ ಮಾರುವವರು ಯಾರಾದರೂ ಬಂದರೆ ಹೇಳಿ ಎಂದಿದ್ದೆ. ಮಳೆಗಾಲದಲ್ಲಿ ಒಂದು ದಿನ, ಲ್ಯಾಬಿನಲ್ಲಿ ಜನ ಕಿಕ್ಕಿರಿದಿದ್ದಾಗ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

“ಬ್ಯಾಳಿ ಅಂಗಡ್ಯಾಗ ನಂಬರ್ ಕೊಟ್ರು ನೋಡ್ರಿ. ನಂದು ಎರಡ ಎಕರೆ ಎರಿ ಹೊಲ ಅದ. ಬಾಜೂಕೇ ನಮ್ಮ ಮನಿ. ಮಣಕಾಲ ನೋವು, ಅಷ್ಟೂ ಮಾಡಾಕ ಆಗವಲ್ದು. ಬಂದ ನೋಡ್ತೀರೇನ್ರಿ?”

ನನಗೆ ಕೇಳಿಸಿದ್ದು ಎರ್ರ.

“ಅಂಥಾ ಭೂಮಿ ನನಗ ಬ್ಯಾಡ್ರಿ ಅವ್ವಾ,” ಅಂದೆ.

“ಆತು ಬಿಡ್ರಿ, ನಿಮ್ಮ ಮರ್ಜಿ,” ಅಂದು ಆಕೆ ಫೋನ್ ಇಟ್ಟರು. ಕನ್ನಡದವರು ಸಿಕ್ಕರೂ ನೆಲ ಕೆಂಪಾಯಿತಲ್ಲ ಎಂದು ನನ್ನ ಹಣೆಬರಹವನ್ನು ಬೈದುಕೊಂಡು ಮುಂದಿನವರ ತೋಳಿಗೆ ಪಟ್ಟಿ ಕಟ್ಟಿದೆ.

ಇಪ್ಪತ್ತು ದಿನ ಕಳೆದಿರಬೇಕು. ಇನ್ನೊಂದು ಕೆಂಪು ತುಂಡು ನೋಡಿ ಬೇಸತ್ತು ತಾಂಡೂರಿನಿಂದ ಮಧ್ಯಾಹ್ನದ ಗಾಡಿಯಲ್ಲಿ ವಾಪಸಾಗುತ್ತಿದ್ದೆ. ಎದುರಿನ ಸೀಟಿನಲ್ಲಿ ಕೂಲಿ ಹೆಂಗಸರು ನಾಲ್ಕು ಮಂದಿ. ಒಬ್ಬಾಕೆ ಇನ್ನೊಬ್ಬಾಕೆಯನ್ನು ಗದರಿಸುತ್ತಿದ್ದಳು. “ಎರಿ ಹೊಲದಾಗಿಂದ ಬಂದು ಹಂಗೇ ಗಾಡಿ ಏರಿದೇನ? ಕಾಲರೆ ತೊಳ್ಕೊಂಡು ಬರಬೇಕಿಲ್ಲ?” ನಾನು ಸುಮ್ಮನೆ ಆ ಕಾಲುಗಳನ್ನು ನೋಡಿದೆ. ಹಿಮ್ಮಡಿಯಿಂದ ಮೀನಖಂಡದವರೆಗೆ ಮೆತ್ತಿದ್ದ ಮಣ್ಣು ಕಾಡಿಗೆಯಷ್ಟು ಕಪ್ಪಗಿತ್ತು.

ಎರಿ. ನಮ್ಮ ಮಾತಿನಲ್ಲಿ ಎರಿ ಅಂದರೆ ಕಪ್ಪು ಮಣ್ಣು. ಮೂರು ವರ್ಷದ ಕೂಸಿಗೂ ಗೊತ್ತಿರುವ ಮಾತು. ‘ಎರ್ಯಾಗ ಆಡಬ್ಯಾಡ್ರೇ’ ಎಂದು ಅವ್ವ ನಮ್ಮಿಬ್ಬರಿಗೂ ಬಾರಿಸಿದ್ದೆಷ್ಟು ಸಲ. ಐದು ತಿಂಗಳು ಊರೂರು ತಿರುಗಿ ಹುಡುಕಿದ್ದು ಫೋನಿನಲ್ಲಿ ಬಂದು ನನ್ನನ್ನು ಕರೆದಿತ್ತು, ನಾನೇ ಬೇಡ ಅಂದಿದ್ದೆ. ಅದೂ ಕನ್ನಡದಲ್ಲಿ.

ನನ್ನ ಮೇಲೆ ನನಗೇ ವಿಪರೀತ ಸಿಟ್ಟು ಬಂತು. ಅಕ್ಕನೊಡನೆ ದಿನಾ ಕನ್ನಡ ಮಾತಾಡುತ್ತಿದ್ದೆನಲ್ಲ, ಆ ಮಾತು ಎಲ್ಲಿ ಹೋಯಿತು ಎಂದು ಯೋಚಿಸುತ್ತ ಕುಳಿತೆ. ನಾವು ಮಾತಾಡುತ್ತಿದ್ದದ್ದು ಹಾಲು ಉಕ್ಕಿದ್ದು, ನಲ್ಲಿ ಸೋರಿದ್ದು, ಪಕ್ಕದವರ ಟೀವಿಯ ಗದ್ದಲ, ಆಕೆಯ ಬೀಪಿ ಗುಳಿಗೆ. ಮೂರನೆಯ ಮಹಡಿಯಲ್ಲಿ ಮಣ್ಣಿನ ಮಾತು ಯಾಕೆ ಬಂದೀತು? ನಮ್ಮ ಕನ್ನಡ ಅಡುಗೆಮನೆಯಷ್ಟೇ ಆಗಿಹೋಗಿತ್ತು. ಅದು ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ.

ಗಾಡಿಯಲ್ಲಿಯೇ ಫೋನ್ ಮಾಡಿದೆ. ಹೊಲ ಇನ್ನೂ ಅದ ಏನ್ರಿ ಎಂದು ಕೇಳಿದೆ.

“ಅದ ರೀ, ಎಲ್ಲಿ ಹೋಗ್ತದ?” ಆಕೆ ನಕ್ಕರು. “ಶಹರದೋರು ಎರಿ ಅಂದ್ರ ಓಡ್ತಾರ. ನೀವೂ ಹಂಗೇ ಅಂತ ತಿಳದೆ. ಐತವಾರ ಬರ್ರಿ, ಊಟಕ್ಕೇ ಬರ್ರಿ.”

ಭಾನುವಾರ ಹೋದೆ. ಹಳ್ಳಿ ತಾಂಡೂರಿನಿಂದ ಕೊಡಂಗಲ್‌ಗೆ ಹೋಗುವ ದಾರಿಯಲ್ಲಿ. ಸ್ಟೇಷನ್ನಿಗೆ ಆಟೋದಲ್ಲಿ ಅರ್ಧ ಗಂಟೆ, ಬೆಳಗಿನ ಗಾಡಿ ಸಿಗುತ್ತದೆ. ಬೇಲಿ ಇಲ್ಲ, ಕಮಾನು ಇಲ್ಲ. ಮೊಣಕಾಲೆತ್ತರದ ತೊಗರಿ, ಹಿಂದಿನ ದಿನದ ಮಳೆಗೆ ನೆಂದ ಕರಿ ನೆಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದು ಚಪ್ಪಲಿಯನ್ನು ಮಣ್ಣು ಎಳೆದುಕೊಂಡಿತು. ಬಗ್ಗಿ ಕೀಳುವಾಗ ಅದರ ವಾಸನೆಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಿ ಮುಖಕ್ಕೂ ಮಣ್ಣು ಮೆತ್ತಿಕೊಂಡೆ. ಅಕ್ಕ ಇರಬೇಕಿತ್ತು ಅನ್ನಿಸಿತು.

ಫೋನ್ ಮಾಡಿದ್ದ ಆ ಅವ್ವನ ಮನೆ ಹೊಲದ ಅಂಚಿಗೇ ಇತ್ತು. ಪರ್ಸಿ ಕಲ್ಲು ಹಾಸಿದ ಪಡಸಾಲೆ, ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು. ನನ್ನ ತಪ್ಪನ್ನು ಹೇಳಿಕೊಂಡೆ, “ನೀವು ಎರಿ ಅಂದದ್ದು ನನಗ ಎರ್ರ ಅಂತ ಕೇಳಿಸ್ತ್ರಿ,” ಅಂದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. ಸೊಸೆಯನ್ನು ಕರೆದು ಅವಳಿಗೂ ಹೇಳಿ ಇನ್ನೊಮ್ಮೆ ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಜೊತೆ ಕೂತು ನಕ್ಕಿದ್ದು.

ಆಮೇಲೆ ಆಕೆ ಹೊಲದ ಬಗ್ಗೆ ಹೇಳತೊಡಗಿದರು. ಯಾವ ಒಡ್ಡು ಮಳೆಗೆ ಒಡೆಯುತ್ತದೆ, ಯಾವಾಗ ಕುಂಟಿ ಹೊಡೆಯಬೇಕು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ.

“ಒಡ್ಡು ಅಂದ್ರ?” ಕೇಳಿದೆ.

ಆಕೆ ನನ್ನ ಮುಖ ನೋಡಿದರು. “ಗಟ್ಟು, ಗಟ್ಟು,” ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಹೊಲದ ಏರಿ ಎಂದು ಆಗ ಹೊಳೆಯಿತು. ಕುಂಟಿ ಅಂದರೂ ತಿಳಿಯಲಿಲ್ಲ. ಅದಕ್ಕೂ ತೆಲುಗು, ಗುಂಟುಕ, ಸಾಲಿನ ನಡುವಿನ ಕಳೆ ತೆಗೆಯುವ ಸಲಕರಣೆ. ಬಾವಿಯ ಆಳ ಕೇಳಹೋಗಿ ನನ್ನ ಬಾಯಲ್ಲಿ ಆಳ ಎಂಬ ಮಾತು ಬರದೆ ‘ಲೋತು ಎಷ್ಟ್ರಿ’ ಅಂದುಬಿಟ್ಟೆ. ಆಕೆ ಏನೂ ಅಂದುಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಒಂದು ಮಾತು ಕನ್ನಡ, ಎರಡು ಮಾತು ತೆಲುಗು ಆಯಿತು. ನನಗೆ ಅರ್ಥವಾಗಲಿ ಎಂದು ನಿಧಾನವಾಗಿ, ದೂರದಿಂದ ಬಂದವರೊಡನೆ ಮಾತಾಡುವ ಹಾಗೆ ಹೇಳುತ್ತಿದ್ದರು. ಕನ್ನಡದಲ್ಲೇ ಹೇಳ್ರಿ ಎನ್ನಬೇಕೆನಿಸಿತು, ಆದರೆ ಹೇಳಿದ್ದು ತಿಳಿಯದೆ ಮತ್ತೆ ಕೇಳಬೇಕಾದೀತು ಎಂದು ನಾಚಿಕೆಯಾಗಿ ಸುಮ್ಮನಾದೆ.

ಊಟ ಮುಗಿಯುವ ಹೊತ್ತಿಗೆ ಮಾತು ಪಕ್ಕಾ ಆಗಿತ್ತು. ಹೊಲ ನನಗೇ. ಕೋಣೆ ಕಟ್ಟಲು ಬಾವಿಯ ಕಡೆಯ ಗಟ್ಟಿ ಜಾಗವನ್ನು ಆಕೆಯೇ ತೋರಿಸಿದರು. ರೈಲಿದೆ, ಕರಿ ನೆಲವಿದೆ, ಕೂಗಿದರೆ ಕೇಳುವಷ್ಟು ಹತ್ತಿರ ಒಂದು ಮನೆಯಿದೆ. ನನಗೆ ಇದಕ್ಕಿಂತ ಹೆಚ್ಚು ಯಾವ ದೇವರೂ ಕೊಡಲಾರ ಎಂದುಕೊಂಡು ಕಟ್ಟೆಯ ಮೇಲೆ ಕೂತು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಹೊಸಬರು ಬಂದಿದ್ದಾರೆಂದು ತಿಳಿದು ಹಿಂದಿನ ಮನೆಯ ಹೆಂಗಸೊಬ್ಬಳು ನೋಡಲು ಬಂದಳು. ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತು ಕೇಳಿದಳು.

“ಅಕ್ಕೋರದು ಯಾವ ಊರ್ರಿ?”

ನಾನು ಅಡಿಕೆ ನುಂಗಿ ಬಾಯಿ ತೆರೆಯುವ ಮೊದಲೇ ಮನೆಯ ಅವ್ವ ನನಗೆ ತೊಂದರೆಯಾಗಬಾರದೆಂದು ಮುಂದೆ ಬಂದರು.

“ಪಾಪ, ಇವ್ರಿಗಿ ನಮ್ಮ ಮಾತು ಅಷ್ಟು ಬರಲ್ಲವ್ವ. ತೆಲುಗುನಾಗ ಕೇಳು.”

ಆ ಹೆಂಗಸು ತಲೆಯಾಡಿಸಿ, ನನ್ನ ಕಡೆ ತಿರುಗಿ, ಎಚ್ಚರದಿಂದ ಒಂದೊಂದೇ ಶಬ್ದ ಜೋಡಿಸಿ ಕೇಳಿದಳು. “ಮೀದಿ ಏ ಊರಮ್ಮಾ?”

ನಾನು ನನ್ನ ಹೆತ್ತವ್ವನ ತವರಿನ ಹೆಸರು ಹೇಳಿದೆ, ಇಲ್ಲೇ ಹತ್ತಿರ, ಒಂಬತ್ತು ವರ್ಷ ಅಲ್ಲಿಯೇ ಬೆಳೆದೆ, ನಾನೂ ನಿಮ್ಮವಳೇ ಅಂದೆ. ಹೇಳಿ ಮುಗಿದ ಮೇಲೆ ಗೊತ್ತಾಯಿತು, ಅಷ್ಟನ್ನೂ ತೆಲುಗಿನಲ್ಲಿ ಹೇಳಿದ್ದೆ.